ಮರದ ಪಕ್ಕ ನಿಲ್ಲುವವನು

ಬರಬೇಡ ಅಂದ್ರೆ ಬರಬೇಡ, ಎಷ್ಟು ಸಲ ಬಡ್ಕೋಬೇಕು ನಿನ್ ಹತ್ರ, ಎನ್ನುತ್ತಾಳೆ ನನ್ನ ಮಗಳು, ವ್ಯಾನಿನ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಮೊಣಕಾಲಿಗೆ ಪ್ಯಾಡು ಬಿಗಿಯುತ್ತಾ, ನನ್ನ ಮುಖ ನೋಡದೆ, ಚರ್ರೆಂದು ಪಟ್ಟಿ ಬಿಚ್ಚುತ್ತಾಳೆ, ಮತ್ತೆ ಎಳೆದು ಅಂಟಿಸುತ್ತಾಳೆ, ಮತ್ತೆ ಚರ್ರ್, ನನ್ನ ಚರ್ಮವನ್ನೇ ಕಿತ್ತ ಹಾಗೆ ಸದ್ದು, ಅಕ್ಕಪಕ್ಕದ ವ್ಯಾನುಗಳ ಅಪ್ಪ ಅಮ್ಮಂದಿರೆಲ್ಲ ಚಹಾ ಲೋಟ ಹಿಡಿದು ನಮ್ಮ ಕಡೆಗೇ ಕಿವಿಗೊಟ್ಟಿದ್ದಾರೆ, ಕೇಳಲಿ, ನನಗೇನು — ಏನೇ ಅಂದೆ, ಇನ್ನೊಂದು ಸಲ ಅನ್ನು ನೋಡೋಣ, ಎನ್ನುತ್ತೇನೆ, ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ, ಬಸ್ಸಿನ ಬಾಗಿಲಿಗೆ ಜೋತು ಬೀಳುವವರನ್ನು ಬೈದು ಬೈದು ಹದಗೊಂಡ ಡ್ರೈವರನ ಗಂಟಲು, ಮೆಲ್ಲಗೆ ಮಾತಾಡಬೇಕೆಂದು ಬಾಯಿ ತೆರೆದರೂ ಜಗಳವೇ ಹೊರಗೆ ಬರುತ್ತದೆ — ಅಂತೀನಿ, ನೂರು ಸಲ ಅಂತೀನಿ, ಇವತ್ತು ನೀನು ಗುಡ್ಡ ಹತ್ತಬಾರ್ದು, ಆ ಮರದ ಪಕ್ಕ ನಿಲ್ಬಾರ್ದು, ಕೂಗಬಾರ್ದು, ಕೂಗದೇನೂ ಇರಬಾರ್ದು. ಇದೆಂಥ ಮಾತು, ಕೂಗಲೂಬಾರದಂತೆ, ಕೂಗದೆ ಇರಲೂಬಾರದಂತೆ, ಸಾಯ್ಬೇಕೇನೇ ಹಾಗಾದ್ರೆ ನಾನು, ಎಂದು ಕೇಳಿಯೇಬಿಟ್ಟೆ, ಆಗ ತಲೆ ಎತ್ತಿದಳು, ಸಾಯ್ಬೇಡ, ಇಲ್ಲಿರಬೇಡ ಅಷ್ಟೇ. ಓಹೋ, ಅಷ್ಟೇನಾ, ನಿನ್ನನ್ನ ಈ ಗುಡ್ಡ ಹತ್ತಿಸಿದ್ದು ಯಾರೇ, ರಜಾ ಹಾಕಿ, ಬೈಗುಳ ತಿಂದು, ಎಲ್ಲೆಲ್ಲಿ ಕಲ್ಲುಗುಡ್ಡ ಇದೆಯೋ ಅಲ್ಲೆಲ್ಲ ನಿನ್ನನ್ನ ಹೊತ್ಕೊಂಡು ಹೋದೋನು ಯಾರು, ನಿನ್ನ ತಾತನಾ — ಹತ್ತಿಸಿದ್ದು ನೀನೇ ಅಪ್ಪ, ಅಂದಳು, ಕೂಗಲಿಲ್ಲ, ಸಣ್ಣ ದನಿಯಲ್ಲಿ ಅಂದಳು, ಬೀಳಿಸಿದ್ದೂ ನೀನೇ. ಪಕ್ಕದ ವ್ಯಾನಿನವನು ಲೋಟದೊಳಗೆ ಮುಖ ಇಟ್ಟುಕೊಂಡ. ನಾನು ನೆಲದಲ್ಲಿ ಬಿದ್ದಿದ್ದ ಹಳೆಯ ಟೈರನ್ನು ಒದ್ದೆ, ಅದು ಸ್ವಲ್ಪ ದೂರ ಉರುಳಿ, ಯೋಚನೆ ಮಾಡಿ, ಮಗ್ಗುಲಾಯಿತು, ಅವಳು ಹೆಲ್ಮೆಟ್ಟು ಹಾಕಿಕೊಂಡಳು, ಗಲ್ಲದವರೆಗೂ ಮುಚ್ಚುವಂಥದ್ದು, ಅದನ್ನು ಹಾಕಿಕೊಂಡರೆ ಅವಳು ನನ್ನ ಮಗಳಲ್ಲ, ಯಾರೋ, ಆ ಯಾರೋ ಸೈಕಲ್ಲು ತಳ್ಳಿಕೊಂಡು ಟ್ರ್ಯಾಕ್ಟರಿನ ಕಡೆ ಹೋಯಿತು.

ಹೋಗು, ನನ್ನ ಕಾಲು ನಿನ್ನ ಅಪ್ಪಣೆ ಕೇಳಬೇಕೇನು, ಟ್ರ್ಯಾಕ್ಟರು ಸೈಕಲ್ಲುಗಳನ್ನೂ ಮಕ್ಕಳನ್ನೂ ಟ್ರೇಲರಿನಲ್ಲಿ ತುಂಬಿಕೊಂಡು ನೆತ್ತಿಗೆ ಒಯ್ಯುತ್ತದೆ, ಅಲ್ಲಿಂದ ಒಬ್ಬೊಬ್ಬರನ್ನೇ ಸೀಟಿ ಊದಿ ಕೆಳಗೆ ಬಿಡುತ್ತಾರೆ, ಕಲ್ಲು, ಬೇರು, ಕೊರಕಲು, ಎಲ್ಲದರ ಮೇಲೂ ಸೈಕಲ್ಲಿನಲ್ಲೇ ಇಳಿಯಬೇಕು, ಬೇಗ ಬುಡ ಮುಟ್ಟಿದವರು ಗೆದ್ದರು, ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ, ಬೀಳೋದಕ್ಕೂ ಬಹುಮಾನ ಕೊಡ್ತಾರೇನೇ ಎಂದು — ನಾನು ಎರಡನೇ ಗೇರಿನಲ್ಲಿ ಇಳಿಯುವವನು, ಹಿಂದೆ ಇಷ್ಟು ಜನ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿರುತ್ತಾರೆ, ಅವರ ಜೀವ ನನ್ನ ಬಲಗಾಲಿನಲ್ಲಿರುತ್ತದೆ, ಇವಳೋ ಮೂಗಿನಲ್ಲಿ ಸಿಂಬಳ ಸುರಿಯುವ ವಯಸ್ಸಿನಲ್ಲಿ ನನ್ನ ಪಕ್ಕ ಇಂಜಿನ್ನಿನ ಮುಚ್ಚಳದ ಮೇಲೆ ಕೂತು, ಅಪ್ಪಾ ಇನ್ನೂ ಜೋರು, ಅಪ್ಪಾ ಇನ್ನೂ ಜೋರು, ಎಂದು ಕುಣಿಯುತ್ತಿದ್ದಳು, ಕಂಡಕ್ಟರ್ ಹೇಳುತ್ತಿದ್ದ, ಈ ಹುಡುಗಿ ಲೈಸೆನ್ಸ್ ತಗೊಂಡ ದಿನ ನಾನು ರಾಜೀನಾಮೆ ಕೊಡ್ತೀನಿ ಮಾರಾಯ ಎಂದು. ಆಮೇಲೆ ನೀರಿನ ಟ್ಯಾಂಕಿನ ಹಿಂದಿನ ಇಳಿಜಾರು, ಯಾರದೋ ಹಳೆಯ ಸೈಕಲ್ಲು, ನಾನು ಸೀಟು ಹಿಡಿದುಕೊಂಡು ಹಿಂದೆ ಓಡುತ್ತಿದ್ದೇನೆ, ಏದುಸಿರು, ಬ್ರೇಕ್ ಬಿಡೇ, ಬಿಡು, ನಾನಿದ್ದೀನಿ, ಅವಳು ಬಿಟ್ಟಳು, ನಾನು ಹಿಂದೆ ಉಳಿದೆ. ಅಲ್ಲಿಂದ ಶುರುವಾದದ್ದು ಇದು. ಈ ಗುಡ್ಡದ ನಡುವೆ ಒಂದು ತಿರುವು ಇದೆ, ಎಡಗಡೆ ಒಂದು ದೊಡ್ಡ ಮರ, ಮರ ದಾಟುವವರೆಗೆ ಮುಂದಿನ ನೆಲ ಸವಾರರಿಗೆ ಕಾಣುವುದಿಲ್ಲ, ಕಲ್ಲು ಉರುಳಿದೆಯೋ, ಮುಂದಿನವನು ಬಿದ್ದಿದ್ದಾನೋ, ಎಲ್ಲರೂ ಅಲ್ಲಿ ಬ್ರೇಕು ಹಿಡಿಯುತ್ತಾರೆ, ಹಿಡಿದರೆ ತಡವಾಯಿತು, ಇವಳು ಒಂದು ದಿನ ನನ್ನನ್ನು ಆ ಮರದ ಪಕ್ಕ ಒಯ್ದು ನಿಲ್ಲಿಸಿದಳು, ಅಪ್ಪ, ನಿನಗೆ ಇಲ್ಲಿಂದ ಎರಡೂ ಕಡೆ ಕಾಣ್ಸುತ್ತೆ ಅಲ್ವಾ, ಕೆಳಗೆ ಸರಿಯಾಗಿದ್ರೆ ಬಿಡು ಅಂತ ಕೂಗು, ನಾನು ಬಿಡ್ತೀನಿ. ಕೂಗಿದೆ. ಬಿಟ್ಟಳು. ಎಂಥ ಕೂಗು ಅದು, ಗುಡ್ಡದ ಈ ಮಗ್ಗುಲಲ್ಲಿ ಕೂಗಿದರೆ ಆ ಮಗ್ಗುಲ ಹಕ್ಕಿ ಏಳುತ್ತಿತ್ತು, ಹುಡುಗರು ನನಗೆ ಹಾರನ್ ಅಂಕಲ್ ಎಂದೇ ಹೆಸರಿಟ್ಟರು, ಇಡಲಿ, ಅವಳು ಗೆದ್ದಳಲ್ಲ, ಒಂದಲ್ಲ ಎರಡಲ್ಲ, ಬುಡದಲ್ಲಿ ಸೈಕಲ್ಲು ನನ್ನ ಕೈಗೆ ಎಸೆದು ಕೆಸರಿನ ಸಮೇತ ನನ್ನ ಮೈಮೇಲೆ ಬೀಳುತ್ತಿದ್ದಳಲ್ಲ, ಕೇಳ್ತು ಅಪ್ಪ, ನಿನ್ನ ಕೂಗು ನೆತ್ತಿಗೇ ಕೇಳ್ತು.

ಕೇಳದೆ ಹೋದದ್ದು ಒಂದೇ ಸಲ — ಬೇಡ, ಅದು ಬೇಡ ಈಗ, ಈ ಏರು ಎಷ್ಟು ಕಡಿದು, ಕುರಿಗಳು ಹತ್ತುವ ದಾರಿಯಲ್ಲಿ ನಾನು ಹತ್ತುತ್ತಿದ್ದೇನೆ, ಬರಬೇಡ ಅಂದಳಲ್ಲ, ಬಂದೆ ನೋಡು, ಮರದ ಪಕ್ಕ ನಿಂತರೆ ತಾನೇ ತಪ್ಪು, ಅದರ ಮೇಲ್ಗಡೆ ಬಂಡೆ ಇದೆ, ಬಂಡೆಯ ಹಿಂದೆ ಕೂತರೆ ಯಾರಪ್ಪನಿಗೂ ಕಾಣುವುದಿಲ್ಲ, ಬೆವರು ಕಣ್ಣಿಗೆ ಇಳಿಯುತ್ತದೆ, ಒರೆಸಿಕೊಂಡರೂ ಅದೇ ಕಾಣುತ್ತದೆ. ಹೋದ ರೇಸಿನ ದಿನ ಮಳೆ ಬಿದ್ದು ನೆಲ ಲೋಳೆಯಾಗಿತ್ತು, ಇವಳಿಗಿಂತ ಮುಂದಿನ ಹುಡುಗ ಮರ ದಾಟಿ ಜಾರಿ, ಎದ್ದು, ಸೈಕಲ್ಲು ಎಳೆದುಕೊಂಡು ಹೋದ, ದಾರಿ ಖಾಲಿಯಾಯಿತು, ಆದರೆ ಅವನು ಜಾರಿದ ಜಾಗ ಹೊಳೆಯುತ್ತಿತ್ತು, ಸರಿಯಾಗಿದೆಯೋ ಇಲ್ಲವೋ, ಇದೆ, ಇಲ್ಲ, ಇವಳು ಬಂದೇ ಬಿಟ್ಟಳು, ನಾನು ಬಾಯಿ ತೆರೆದೆ, ಒಳಗಿಂದ ಏನೂ ಬರಲಿಲ್ಲ, ಬಿಡು ಎನ್ನಲಿಲ್ಲ, ಹಿಡಿ ಎನ್ನಲಿಲ್ಲ, ಇಡೀ ಊರಿಗೆ ಕೇಳುವ ಗಂಟಲು, ಅವತ್ತು ಬಾವಿಗೆ ಬಿದ್ದ ಕಲ್ಲಿನ ಹಾಗೆ ತಳ ಸೇರಿತ್ತು, ಅವಳು ಕೂಗು ಬರುತ್ತದೆ ಎಂದು ಕಾದಳು, ಬರಲಿಲ್ಲವಲ್ಲ, ತಿರುಗಿದಳು. ಹೆಲ್ಮೆಟ್ಟು ಎಡಕ್ಕೆ ತಿರುಗಿತು. ಬಹಳವೇನಲ್ಲ, ಪಕ್ಕದಲ್ಲಿ ಕೂತವರು ಏನೋ ಅಂದರು, ಕೇಳಿಸಲಿಲ್ಲ, ಏನು ಎಂದು ತಿರುಗುತ್ತೇವಲ್ಲ, ಅಷ್ಟು, ಕನ್ನಡಕದ ಗಾಜಿನೊಳಗೆ ಎರಡು ಕಣ್ಣು, ಹೆದರಿಕೆ ಇರಲಿಲ್ಲ ಅವುಗಳಲ್ಲಿ, ಕೇಳುತ್ತಿದ್ದವು ಅಷ್ಟೇ, ಏನಪ್ಪಾ. ಡಿಪೋದಲ್ಲಿ ಹೊಸ ಹುಡುಗರಿಗೆ ನಾನೇ ತಲೆಗೆ ಮೊಟಕಿ ಹೇಳುತ್ತೇನೆ, ಗುಂಡಿ ನೋಡಿದ್ರೆ ಗುಂಡಿಗೇ ಹೋಗ್ತೀಯ, ರಸ್ತೆ ನೋಡೋ ಕತ್ತೆ, ಅವಳು ನನ್ನನ್ನು ನೋಡಿದಳು, ನಾನು ಮರದ ಪಕ್ಕ ಇದ್ದೆ, ಚಕ್ರ ಮರಕ್ಕೇ ಬಂತು. ಹೆಗಲ ಮುಂದಿನ ಮೂಳೆ ಎರಡಾಯಿತು. ಇವಳಮ್ಮ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ತಳ್ಳುವ ಕೆಲಸದವಳು, ಅವತ್ತು ಪಾಳಿಯಲ್ಲಿದ್ದವಳೇ ಅವಳು, ಸ್ವಂತ ಮಗಳನ್ನು ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋದಳು, ಅಳಲಿಲ್ಲ, ನನಗೆ ಬೈಯಲಿಲ್ಲ, ಮನೆಗೆ ಬಂದು ಚಪ್ಪಲಿ ಬಿಡುತ್ತಾ ಒಂದೇ ಮಾತು ಅಂದಳು, ಉಪ್ಪು ಕಡಿಮೆ ಆದ್ರೆ ಬೀದಿಗೆ ಕೇಳೋ ಹಾಗೆ ಕೂಗ್ತೀರಲ್ರೀ, ಬೇಕಾದಾಗ ಎಲ್ಲಿ ಹೋಗಿತ್ತು.

ಸೀಟಿ, ಮೇಲೆ ಸೀಟಿ, ಇದು ಅಭ್ಯಾಸದ ಇಳಿತ, ರೇಸಿಗೆ ಮುಂಚೆ ಒಂದು ಸಲ ಎಲ್ಲರನ್ನೂ ಬಿಡುತ್ತಾರೆ, ಬಂಡೆ ಬೆನ್ನಿಗೆ ಬಿಸಿಯಾಗಿದೆ, ಕೆಳಗೆ ಮರ, ಮರದ ಪಕ್ಕ ನನ್ನ ಜಾಗ, ಹುಲ್ಲು ಸವೆದು ನನ್ನ ಪಾದಗಳಷ್ಟಗಲ ಬೋಳಾಗಿದೆ, ತಿರುವಿನ ಆಚೆ ಸೈಕಲ್ ಮೇಷ್ಟ್ರು ನಿಂತಿದ್ದಾರೆ, ಈ ಮಕ್ಕಳಿಗೆಲ್ಲ ಕಲಿಸುವವರು, ಕಡ್ಡಿಯಂಥ ಆಳು, ಒಂದು ಹುಡುಗ ಇಳಿದ, ಇನ್ನೊಬ್ಬ, ಬಡಬಡ ಬಡಬಡ, ಮಣ್ಣಿನ ಹೆಂಟೆ ನನ್ನ ಬಂಡೆಗೂ ಹಾರುತ್ತದೆ, ಆಮೇಲೆ ಅವಳು, ನೋಡದೆಯೂ ಹೇಳಬಲ್ಲೆ, ಅವಳ ಚಕ್ರದ ಸದ್ದೇ ಬೇರೆ, ಬೇರುಗಳ ಮೇಲೆ ತಡವರಿಸದೆ ಬರುತ್ತದೆ, ಬಂದಳು, ಮೊಣಕೈ ಅಗಲಿಸಿ, ಮೈ ಕೆಳಗೆ ಮಾಡಿ, ಎಂಥ ಚೆಂದ ಅಂತೀರಿ, ನಾನು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡಿದ್ದೆ, ಮರ ಬಂತು — ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ, ಬೋಳು ನೆಲ, ಹೆಲ್ಮೆಟ್ಟು ಎಡಕ್ಕೆ, ಅವತ್ತಿನಷ್ಟೇ, ಹಿಂದಿನ ಚಕ್ರ ದಾರಿ ಬಿಟ್ಟು ಚಿಮ್ಮಿತು, ಕಾಲು ಊರಿದಳು, ಕೆಮ್ಮಣ್ಣು ಎದ್ದಿತು, ಹೇಗೋ ಎಳೆದುಕೊಂಡು ಮರದ ತೊಗಟೆ ಸವರಿಕೊಂಡು ಹೋದಳು. ನಾನು ಕೂತೇ ಜಾರಿ ಇಳಿದೆ ಆ ಬಂಡೆಯಿಂದ, ಪ್ಯಾಂಟಿನ ಹಿಂಭಾಗ ಹರಿಯಿತು, ಮೇಷ್ಟ್ರು ಅಲ್ಲೇ ಇದ್ದರು, ನನ್ನನ್ನು ಕಂಡು ಆಶ್ಚರ್ಯಪಡಲೂ ಇಲ್ಲ ಆ ಮನುಷ್ಯ, ನೋಡಿದ್ರಾ, ಅಂದರು. ನಾನು ಬಂಡೆ ಹಿಂದೆ ಇದ್ದೆ ಕಣ್ರೀ, ಅವಳಿಗೆ ಹೇಗೆ ಗೊತ್ತಾಯ್ತು, ಎಂದು ರೇಗಿದೆ. ಗೊತ್ತಾಗೋದೇನು ಡ್ರೈವರಣ್ಣ, ನೀವು ಬರದೆ ಇರೋ ಆಳಲ್ಲ ಅಂತ ಅವಳಿಗೆ ಹುಟ್ಟಿದಾಗಿಂದ ಗೊತ್ತು. ಹಾಗಾದ್ರೆ ತಿರುಗಬೇಡ ಅಂತ ಹೇಳ್ರಿ, ಯಾಕಿದ್ದೀರಿ ಮತ್ತೆ ನೀವು. ಹೇಳಿದ್ದೀನಿ, ನೀವೂ ನಿಮ್ಮ ಕೋಪಕ್ಕೆ ಬರ್ಬೇಡ ಅಂತ ಹೇಳಿ ನೋಡಿ, ಕೇಳುತ್ತಾ. ಆಮೇಲೆ ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, ರೇಸಲ್ಲಿ ಇದರ ಒಂದೂವರೆ ಪಟ್ಟು ಜೋರಾಗಿ ಬರ್ತಾಳೆ ಡ್ರೈವರಣ್ಣ, ಆಗ ತಿರುಗಿದ್ರೆ, ಎಂದರು, ಮೂಳೆ ಎನ್ನಲಿಲ್ಲ, ಕುತ್ತಿಗೆ ಎನ್ನಲಿಲ್ಲ, ಮರದ ಕಡೆಗೂ ನೋಡಲಿಲ್ಲ. ರೇಸು ಬೇಡ ಅಂದುಬಿಡಲೇ, ನಾನು ಅಪ್ಪ, ಕೈ ಹಿಡಿದು ಎಳೆದು ವ್ಯಾನಿನಲ್ಲಿ ಹಾಕಿಕೊಂಡು ಹೋಗಬಲ್ಲೆ, ಹೋದರೆ ಇನ್ನೊಂದು ಗುಡ್ಡಕ್ಕೆ ನನಗೆ ಹೇಳದೆ ಬರುತ್ತಾಳೆ, ಅಲ್ಲೂ ಒಂದು ಮರ ಇರುತ್ತದೆ, ಅಲ್ಲೂ ನಾನು ಎಲ್ಲೋ ಇದ್ದೇನೆ ಅಂದುಕೊಳ್ಳುತ್ತಾಳೆ, ತಿರುಗುತ್ತಾಳೆ.

ಈಗ ನಾನು ಕೆಳಗೆ, ವ್ಯಾನುಗಳ ನಡುವೆ, ಧ್ವನಿವರ್ಧಕದಲ್ಲಿ ಯಾರೋ ಗರಗರ ಎನ್ನುತ್ತಿದ್ದಾರೆ, ಟ್ರ್ಯಾಕ್ಟರು ಮಕ್ಕಳನ್ನು ರೇಸಿಗೆ ಹೊತ್ತು ಆಗಲೇ ನೆತ್ತಿ ಸೇರಿದೆ, ಅಲ್ಲಿ ಹಲಗೆ ಹೊಡೆದು ಅಟ್ಟಣೆ ಮಾಡಿದ್ದಾರೆ, ಅದರ ಮೇಲೆ ಸಾಲಾಗಿ ಚುಕ್ಕೆಗಳು, ಒಂದು ಚುಕ್ಕೆ ನನ್ನದು, ಅಲ್ಲಿಂದ ಈ ಬಯಲೆಲ್ಲ ಕಾಣುತ್ತದೆ, ಡಾಂಬರು ರಸ್ತೆ ಎದುರಿನ ಬೋಳುಗುಡ್ಡದ ಹೊಟ್ಟೆ ಸುತ್ತಿ ಹೋಗುವುದೂ ಕಾಣುತ್ತದೆ, ಸರದಿ ಬರುವವರೆಗೆ ಅವರಿಗೆ ನೋಡುತ್ತಾ ನಿಲ್ಲುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ನಾನು ಹೋಗುವುದನ್ನು ಅವಳು ಕಣ್ಣಾರೆ ನೋಡಬೇಕು, ವ್ಯಾನು ತೆಗೆದುಕೊಂಡು ಹೋಗಲೇ — ಬೇಡ, ವ್ಯಾನು ಹೋದರೆ ಯಾರೋ ಓಡಿಸಿಕೊಂಡು ಹೋದರು ಅಂದುಕೊಂಡಾಳು, ಅಪ್ಪ ಮಾತ್ರ ಬಂಡೆಯ ಹಿಂದೆ ಕೂತಿದ್ದಾನೆ ಅಂದುಕೊಂಡಾಳು, ಅಷ್ಟು ನಂಬಿಕೆ ನನ್ನ ಮೇಲೆ, ನಡೆಯಬೇಕು, ನಾನೇ ನಡೆಯಬೇಕು, ಸೀಟಿನ ಮೇಲೆ ಕೂತು ಕೂತು ಸೊಂಟ ಒಂದು ಕಡೆಗೆ ವಾಲಿ ನನ್ನ ನಡಿಗೆ ಹಾಳಾಗಿದೆ, ಅಡುಗೆಮನೆಯಲ್ಲಿ ಅದನ್ನೇ ನಟಿಸಿ ಅಮ್ಮನನ್ನು ನಗಿಸುತ್ತಾಳೆ, ಎಷ್ಟು ದೂರದಿಂದಲಾದರೂ ಗುರುತು ಹಿಡಿಯುತ್ತಾಳೆ. ಕೀಲಿಕೈಯನ್ನು ಪಕ್ಕದ ವ್ಯಾನಿನವನ ಕೈಗೆ ತುರುಕಿದೆ, ಮೇಷ್ಟ್ರಿಗೆ ಕೊಡಿ, ಅವರೇ ಇವಳನ್ನ ಮನೆಗೆ ಬಿಡ್ಲಿ. ಅರೆ ಎಲ್ಲಿಗ್ರೀ, ಈಗ ತಾನೇ ಶುರು ಆಗ್ತಿದೆ. ಹಾಳಾಗಿ ಹೋಗೋಕೆ, ಅಂದೆ. ಬುಡದಲ್ಲಿ ಸೈಕಲ್ ಹಿಡ್ಕೊಳ್ಳೋರು ಯಾರು, ಅಂದ ಪುಣ್ಯಾತ್ಮ, ನಾನು ಆಗಲೇ ಡಾಂಬರು ರಸ್ತೆ ಹತ್ತಿದ್ದೆ.

ರಸ್ತೆಯ ನಟ್ಟನಡುವೆ ನಡೆಯುತ್ತೇನೆ, ನೆರಳಿನ ಕಡೆ ಹೋಗುವುದಿಲ್ಲ, ಹರಿದ ಪ್ಯಾಂಟು ಊರಿಗೆಲ್ಲ ಕಾಣಲಿ, ನೋಡೇ, ಹೋಗ್ತಿದ್ದೀನಿ, ನೀನು ಗೆದ್ದೆ, ಸಿಟ್ಟು ಬರುತ್ತದೆ, ಬರಲಿ, ಸಿಟ್ಟಿದ್ದರೆ ಕಾಲು ಬೇಗ ಹೋಗುತ್ತದೆ, ಹಿಂದಕ್ಕೆ ನೋಡಬಾರದು, ನೋಡಿದರೆ ವಾಪಸು ಬರುತ್ತಾನೆ ಅಂದುಕೊಂಡಾಳು, ಒಂದು ಲಾರಿ ಹಾರನ್ ಹೊಡೆಯುತ್ತದೆ, ಪಕ್ಕಕ್ಕೆ ಹೋಗೋ ಮುದುಕ, ಹೋಗುವುದಿಲ್ಲ ಕಣೋ, ಸುತ್ತಿಕೊಂಡು ಹೋಗು — ನೋಡಿದಳೋ ಇಲ್ಲವೋ, ಚುಕ್ಕೆ ಈ ಕಡೆಗೇ ಮುಖ ಮಾಡಿತ್ತೋ, ಬೂಟಿನ ಲೇಸು ಕಟ್ಟಿಕೊಳ್ಳುತ್ತಿತ್ತೋ, ಯಾರಾದರೂ ಅವಳಿಗೆ ಹೇಳಲಿ, ಹಾರನ್ ಅಂಕಲ್ ಹೋದ ನೋಡೇ ಎಂದು ನಗಲಿ, ನಕ್ಕಾದರೂ ಹೇಳಲಿ, ಕೊರಳಿನಲ್ಲಿ ಕೂಗು ಬಂದು ಕೂತಿದೆ, ಬರಬಾರದ ಹೊತ್ತಿನಲ್ಲಿ ಬಂದಿದೆ, ನುಂಗುತ್ತೇನೆ, ಮತ್ತೆ ಬರುತ್ತದೆ. ಸೀಟಿ. ಇದು ಅವಳದಲ್ಲ. ಇರಬಹುದು. ಧ್ವನಿವರ್ಧಕ ಏನೋ ಹೇಳುತ್ತದೆ, ಗಾಳಿ ಅರ್ಧ ತಿನ್ನುತ್ತದೆ, ರಸ್ತೆ ಬೋಳುಗುಡ್ಡದ ಹಿಂದಕ್ಕೆ ತಿರುಗುತ್ತಿದೆ, ಇದನ್ನು ದಾಟಿದರೆ ಆ ಗುಡ್ಡ ನನಗೆ ಕಾಣುವುದಿಲ್ಲ, ಗುಡ್ಡಕ್ಕೆ ನಾನು ಕಾಣುವುದಿಲ್ಲ, ದಾಟಬೇಡ, ದಾಟು, ದಾಟಿದೆ, ಸದ್ದೆಲ್ಲ ಬಾಗಿಲು ಮುಚ್ಚಿದ ಹಾಗೆ ನಿಂತಿತು, ನನ್ನ ಚಪ್ಪಲಿಯದೊಂದೇ ಸದ್ದು, ಈಗ ಕಲ್ಲುಗಳ ಮೇಲೆ ಇರಬೇಕು, ಈಗ ಬೇರುಗಳು, ತಡವರಿಸದೆ, ಈಗ ಮರ, ಯಾರೂ ಇಲ್ಲ ಮಗಳೇ ಅಲ್ಲಿ, ನಿಜವಾಗಿ ಇಲ್ಲ, ಮುಂದೆ ನೋಡು, ಮುಂದೆ — ಕಣ್ಣು ಮುಚ್ಚಿದರೂ ಅದೇ, ಹೆಲ್ಮೆಟ್ಟು, ಎಡಕ್ಕೆ, ಇಷ್ಟೇ, ಹೆಲ್ಮೆಟ್ಟು, ಎಡಕ್ಕೆ