ಖಾಲಿ ಎದೆಯಲ್ಲಿ ಮುಳುಗಿದವನು

“ಇವನಿಗೆ ಯಾಕ್ರೀ ದೀಕ್ಷಾಸ್ನಾನ? ದಿನಾ ನೀರಲ್ಲೇ ಬಿದ್ದಿರ್ತಾನೆ. ನೀರಿಂದ ಹೊಸ ಹುಟ್ಟು ಸಿಗೋ ಹಾಗಿದ್ರೆ ಕಪ್ಪೆಗಳೆಲ್ಲ ಇಷ್ಟೊತ್ತಿಗೆ ಪಾದ್ರಿಗಳಾಗಿರ್ತಿದ್ವು!”

ನೀರುಕೋಳಿಯ ಭಾವ, ಹೆಂಡತಿಯ ಅಣ್ಣ, ಇದನ್ನು ಕಿವಿಯಲ್ಲೇನೂ ಹೇಳಲಿಲ್ಲ. ಚರ್ಚಿನ ಅಂಗಳದಲ್ಲಿ, ಸಿಮೆಂಟ್ ತೊಟ್ಟಿಯ ಸುತ್ತ ನಿಂತಿದ್ದ ನಲವತ್ತು ಜನಕ್ಕೂ ಕೇಳುವ ಹಾಗೆ ಹೇಳಿದ. ಜನ ನಕ್ಕರು. ಹಾಡಿನ ಪುಸ್ತಕ ಬಾಯಿಗೆ ಅಡ್ಡ ಹಿಡಿದು ನಕ್ಕವರೂ ಇದ್ದರು, ಭಕ್ತಿವಂತರು ಅವರು.

ನೀರುಕೋಳಿಯ ಬಲಗೈ ಮುಷ್ಟಿಯಾಯಿತು. ಹಡಗುಕಟ್ಟೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. ದೋಣಿಗಳ ಅಡಿಗೆ ಮುಳುಗಿ, ಅವುಗಳ ಹೊಟ್ಟೆಗೆ ಕಚ್ಚಿಕೊಂಡ ಚಿಪ್ಪು ಕೆರೆಯುವುದು, ಯಂತ್ರದ ರೆಕ್ಕೆಗೆ ಸುತ್ತಿದ ಬಲೆ ಕೊಯ್ಯುವುದು ಅವನ ಕಸುಬು. ಒಂದೇ ಉಸಿರಿನಲ್ಲಿ ನೂರೈವತ್ತರವರೆಗೆ ಎಣಿಸುತ್ತಿದ್ದ. ಕೆಳಗೆ ತಣ್ಣಗಿದ್ದವನು ಮೇಲೆ ಬಂದರೆ ಬೆಂಕಿ. ಮೂರು ತಿಂಗಳ ಹಿಂದೆ ಅವನು ಬೀಸಿದ ತಟ್ಟೆ ಹೆಂಡತಿಯ ಹುಬ್ಬು ಸೀಳಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. “ನೀವು ಬೇರೆ ಮನುಷ್ಯ ಆದ್ಮೇಲೆ ಬರ್ತೀನಿ” ಅಂದು ಅಣ್ಣನ ಮನೆ ಸೇರಿದಳು. ಈಗ ಆ ಅಣ್ಣನ ಹಿಂದೆ ನಿಂತಿದ್ದಳು. ಗಂಡನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

ಬೇರೆ ಮನುಷ್ಯನನ್ನು ಎಲ್ಲಿಂದ ತರುವುದು? ಅದನ್ನೇ ಕೇಳಲು ಅವನು ಹೋದ ವಾರ ಪಾದ್ರಿಯ ಮನೆಗೆ ಹೋಗಿದ್ದ. ಮುದುಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿದ್ದ.

“ಅಯ್ಯಾ, ನೀರಿಗಿಳಿದ್ರೆ ಹಳೇ ಮನುಷ್ಯ ಸಾಯ್ತಾನೆ ಅಂತೀರಲ್ಲ, ಗ್ಯಾರಂಟಿನಾ?”

“ನೀರು ಯಾರನ್ನೂ ಹುಟ್ಟಿಸಲ್ಲ ಕಣಪ್ಪ. ಒಳಗೆ ದೇವರು ಹುಟ್ಟಿಸಿದ್ದನ್ನ ಹೊರಗೆ ನಾಲ್ಕು ಜನಕ್ಕೆ ತೋರಿಸುತ್ತೆ, ಅಷ್ಟೆ.”

“ಒಳಗೆ ಏನೂ ಹುಟ್ಟಿಲ್ಲದಿದ್ರೆ?”

“ಸುಮ್ನೆ ಒದ್ದೆ ಆಗ್ತೀಯ.” ಪಾದ್ರಿ ಕಣ್ಣೊರೆಸಿಕೊಂಡ. “ಆದ್ರೂ ಬಾ. ಒಳಗಿಂದು ನನಗೂ ಕಾಣಲ್ಲ, ನಿನಗೂ ಕಾಣಲ್ಲ.”

ಈಗ ಅದೇ ಪಾದ್ರಿ ಸೊಂಟದವರೆಗೆ ನೀರಿನಲ್ಲಿ ನಿಂತು ಕೈ ಚಾಚಿದ. “ಬಾಪ್ಪ, ಅವರ ಮಾತಿರಲಿ.”

ನೀರುಕೋಳಿ ಮುಷ್ಟಿ ಬಿಚ್ಚದೆಯೇ ಇಳಿದ. ನಲ್ಲಿಯ ನೀರು, ಉಪ್ಪಿಲ್ಲ, ಆಳವಿಲ್ಲ, ಎಣ್ಣೆಯ ವಾಸನೆಯಿಲ್ಲ. ಇದೂ ಒಂದು ನೀರೇ ಅಂತ ಅವನಿಗೆ ನಗು ಬಂತು. ಅಭ್ಯಾಸಬಲದಿಂದ ಎದೆ ತುಂಬ ಉಸಿರೆಳೆದು ಬಾಯಿ ಮುಚ್ಚಿದ.

“ನಂಬ್ತೀಯಾ?” ಪಾದ್ರಿ ಕೇಳಿದ.

ಬಾಯಿ ಮುಚ್ಚಿಕೊಂಡು ಇದಕ್ಕೆ ಉತ್ತರ ಕೊಡುವುದು ಹೇಗೆ? ಅವನು ತಲೆಯಾಡಿಸಿದ.

“ಬಾಯ್ಬಿಟ್ಟು ಹೇಳಪ್ಪ.”

“ನಂಬ್ತೀನಿ!”

ಮೂರು ತಿಂಗಳ ಖಾಲಿ ಮನೆ, ಹೆಂಡತಿಯ ಹುಬ್ಬು, ತನ್ನ ಹಾಳು ಕೈ, ಎಲ್ಲ ಸೇರಿ ಆ ಒಂದು ಮಾತು ಗೋಡೆಗೆ ಬಡಿಯುವಷ್ಟು ಜೋರಾಗಿ ಬಂತು. ಎದೆಯೊಳಗಿನ ಉಸಿರೆಲ್ಲ ಅದರ ಜೊತೆ ಹೋಯಿತು. ಇನ್ನೊಮ್ಮೆ ತುಂಬಿಕೊಳ್ಳುವ ಮೊದಲೇ ಪಾದ್ರಿ ಅವನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿಬಿಟ್ಟ.

ಅವನು ಯಾವತ್ತೂ ತಲೆ ಮುಂದಾಗಿ, ಚಾಕು ಹಿಡಿದು, ಎಣಿಸುತ್ತ ಇಳಿದವನು. ಬೆನ್ನ ಮೇಲೆ ಬಿದ್ದು, ಬರಿಗೈಯಲ್ಲಿ, ಖಾಲಿ ಎದೆಯಲ್ಲಿ ಮುಳುಗಿದ್ದು ಇದೇ ಮೊದಲು. ಒಂದು ಅಂತ ಎಣಿಸಲೂ ಆಗಲಿಲ್ಲ. ಮೇಲೆ ಆಕಾಶ ಕರಗುತ್ತಿತ್ತು. ತೊಟ್ಟಿಯ ಗೋಡೆಗಳು ದೂರ ದೂರ ಸರಿದವು. ಹಾಡು ಹಾಡುತ್ತಿದ್ದವರು ಯಾವುದೋ ಬೇರೆ ಕಾಲದಲ್ಲಿ, ಇನ್ನೊಂದು ಕೋಣೆಯಲ್ಲಿ ಇದ್ದ ಹಾಗಿತ್ತು. ಬೆಳಕಿನ ಬಿಳಿ ಬಟ್ಟೆಯೊಂದು ಮುಖದ ಮೇಲೆ ಅಲ್ಲಾಡುತ್ತಿತ್ತು. ಅದರೊಳಗೆ ತಾನು ಯಾರೆಂದು ಅವನಿಗೆ ನೆನಪಾಗಲಿಲ್ಲ. ಕಸುಬಿಲ್ಲ, ಅಡ್ಡಹೆಸರಿಲ್ಲ, ಸಿಟ್ಟಿಲ್ಲ. ಭಯ ಮಾತ್ರ ಇತ್ತು, ಎಳೆಗೂಸಿನ ಬರೀ ಭಯ. ಒದೆಯಲೂ ಅವನಿಗೆ ತೋಚಲಿಲ್ಲ. ಯಾರಾದರೂ ಎತ್ತಲಿ ಅಂತ ಕಾದ.

ಪಾದ್ರಿಯ ಎರಡು ಸಣಕಲು ಕೈ ಅವನನ್ನು ಎತ್ತಿದವು. ಹದಿನಾಲ್ಕು ವರ್ಷ ನೀರಿನಿಂದ ತಾನಾಗಿಯೇ ಮೇಲೆ ಬಂದವನನ್ನು ಮೊದಲ ಸಲ ಇನ್ನೊಬ್ಬರು ಮೇಲೆ ತಂದರು. ಅವನು ಕೆಮ್ಮಿದ, ಮೂಗಿನಿಂದ ನೀರು ಸುರಿಯಿತು, ಆಮೇಲೆ ಎಲ್ಲರೆದುರು ಗಟ್ಟಿಯಾಗಿ ಅತ್ತ.

ತೊಟ್ಟಿಯ ಮೆಟ್ಟಿಲು ಹತ್ತುತ್ತಿದ್ದಾಗ ಭಾವ ಅಡ್ಡ ಬಂದ.

“ನೀರುಕೋಳಿ ಮೊಣಕಾಲುದ್ದ ನೀರಲ್ಲಿ ಮುಳುಗಿಹೋಗ್ತಿತ್ತು, ನೋಡಿದ್ರಾ!” ಅಂದ. ಆಮೇಲೆ ತಂಗಿಯ ಕಡೆ ತಿರುಗಿದ. “ಈ ನಾಟಕ ನಂಬಿ ಗಂಟು ಕಟ್ಬೇಡಮ್ಮ ನೀನು. ಇವನಪ್ಪನೂ ಹೀಗೇ ಅಳ್ತಿದ್ದ, ಅತ್ತು ಮುಗಿಸಿ ಹೆಂಡ್ತಿಗೆ ಹೊಡೀತಿದ್ದ.”

ಅಪ್ಪನ ಸುದ್ದಿ. ಸಿಟ್ಟು ಎಲ್ಲೂ ಹೋಗಿರಲಿಲ್ಲ. ಅಲ್ಲೇ, ಹೊಟ್ಟೆಯ ಅದೇ ಮೂಲೆಯಲ್ಲಿ ಎದ್ದು ಕೂತಿತು. ಭುಜಕ್ಕೆ ಬಂತು, ಮೊಣಕೈಗೆ ಇಳಿಯಿತು. ಹಾಗಾದರೆ ಬರೀ ಒದ್ದೆಯಾದೆನೇ? ಭಾವನ ದವಡೆ ಒಂದು ಮೊಳ ದೂರದಲ್ಲಿತ್ತು. ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು.

ಆ ಹೆಜ್ಜೆಯನ್ನು ಅವನು ಕಂಡ. ಕೈ ಏಳಲಿಲ್ಲ. ಹಲ್ಲು ಕಚ್ಚಿ ಅದನ್ನು ತಡೆಯಬೇಕಾಗಲೂ ಇಲ್ಲ, ಅದೇ ಸೋಜಿಗ. ಈ ಸಿಟ್ಟನ್ನು ತಾನೊಬ್ಬನೇ ಹೊರಬೇಕಾಗಿಲ್ಲ ಅನ್ನಿಸಿತು; ಬೆನ್ನಡಿಯಲ್ಲಿ ಆ ಎರಡು ಸಣಕಲು ಕೈ ಇನ್ನೂ ಇದ್ದ ಹಾಗೆ.

ಭಾವನ ಪಕ್ಕದಿಂದ ದಾಟಿದ. ಹೆಂಡತಿಯ ಮುಂದೆ ಒಂದು ಗಳಿಗೆ ನಿಂತ, ಬಾ ಅನ್ನಲಿಲ್ಲ. ಗೇಟು ತೆಗೆದು, ಒದ್ದೆ ಬಟ್ಟೆಯಲ್ಲೇ, ಹಿಂದಿನಿಂದ ಭಾವ ಕೂಗುತ್ತಿದ್ದರೂ ಬೀದಿಗಿಳಿದು ನಡೆದ.