ಸೋಮವಾರದ ನೊಗ

ಚಂದಮ್ಮನ ಎಮ್ಮೆಗೆ ಅದು ಚೊಚ್ಚಲು. ಬೆಳಿಗ್ಗೆಯಿಂದ ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿತ್ತು, ಉಳಿದದ್ದು ಒಳಗೇ ಸಿಕ್ಕಿಕೊಂಡಿತ್ತು. ಊರಿನ ದನದ ದವಾಖಾನೆಗೆ ಹೋದರೆ ಬೀಗ. ಅಲ್ಲಿಯ ಡಾಕ್ಟರಿಗೆ ಮೂರು ದವಾಖಾನೆಗಳ ಚಾರ್ಜು. ಅವರು ಉಳಿದೆರಡರಲ್ಲಿ ಇದ್ದಾರೆಂದು ಮೂರೂ ಊರಿನವರು ನಂಬಿಕೊಂಡಿದ್ದಾರೆ.

ಕೊನೆಗೆ ಫೋನ್ ಮಾಡಿದ ಮೇಲೆ ದನಗಳ ಆಂಬುಲೆನ್ಸ್ ವ್ಯಾನ್ ಬಂತು, ಆದರೆ ಡಾಂಬರು ರಸ್ತೆಯವರೆಗೆ ಮಾತ್ರ. ಅಲ್ಲಿಂದ ಹೊಲದ ಕೊಟ್ಟಿಗೆಗೆ ಎರೆ ಮಣ್ಣಿನ ದಾರಿ, ಮೇಲೆ ಮಳೆ ಬೇರೆ ಆಗಿತ್ತು. ಊರಿನ ಟ್ರ್ಯಾಕ್ಟರ್ ಅದೇ ಕೆಸರಿನಲ್ಲಿ ಹೂತು ನಿಂತಿತ್ತು.

ಚಂದಮ್ಮನ ಗಂಡ ಸಾಯಬಣ್ಣ ಓಡಿ ಹೋಗಿ ಕೈಮುಗಿದ. “ನೀವೇ ಬರ್ರಿ ಸಾಹೇಬ್ರ, ಎಮ್ಮಿ ಏಳಂಗಿಲ್ಲ.”

“ಸಾಮಾನೆಲ್ಲ ಗಾಡ್ಯಾಗ ಅವ. ಎಮ್ಮಿನ ಬಂಡ್ಯಾಗ ಹಾಕ್ಕೊಂಡು ಲಗೂ ತರ್ರಿ. ಮುಧೋಳದಾಗೂ ಒಂದು ಕೇಸ್ ಕಾಯಲಿಕತ್ತದ,” ಎಂದರು ವ್ಯಾನಿನ ಡಾಕ್ಟರ್. ಅವರ ಬೂಟು ರಸ್ತೆಯಿಂದ ಕೆಳಗಿಳಿಯಲಿಲ್ಲ.

ಬಂಡಿ ಇತ್ತು, ಎತ್ತೂ ಇದ್ದವು. ಆದರೆ ಅಂದು ಸೋಮವಾರ, ಬಸವಣ್ಣನ ವಾರ. ಆ ಊರಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಪಕ್ಕದ ಹೊಲದ ಇಸಾಕನೂ ಇಡುವವನಲ್ಲ. ಊರ ಪದ್ಧತಿ ಊರಿಗೆಲ್ಲ. ಸಾಯಬಣ್ಣ ಎತ್ತುಗಳ ಮುಂದೆ ನಿಂತುಬಿಟ್ಟ.

“ಎಮ್ಮಿ ಸಾಯಲಿಕತ್ತದ, ನೀವು ವಾರ ನೋಡ್ಲಿಕತ್ತೀರೇನು?” ಚಂದಮ್ಮ ಕೂಗಿದಳು.

“ಅಪ್ಪ ಹೂಡಿಲ್ಲ, ಮುತ್ಯಾ ಹೂಡಿಲ್ಲ. ನಾ ಹೆಂಗ ಹೂಡ್ಲಿ?”

“ಬಸವಣ್ಣಗ ನಾ ಹೇಳ್ಕೋತೀನಿ. ಪಾಪ ನನಗ ಬರ್ಲಿ.”

ಅವಳೇ ನೊಗಕ್ಕೆ ಕೈ ಹಾಕಿದಾಗ ಸಾಯಬಣ್ಣ ಕಣ್ಣೊರೆಸಿಕೊಂಡು ಎತ್ತು ಹೂಡಿದ. ಇಸಾಕ ನಾಲ್ಕು ಮಂದಿಯನ್ನು ಕರೆತಂದು ಎಮ್ಮೆಯನ್ನು ಬಂಡಿಗೆ ಹಾಕಿಸಿದ. ಗಾಲಿಗಳು ಅಚ್ಚಿನವರೆಗೆ ಹೂಳುತ್ತ, ಏಳುತ್ತ ರಸ್ತೆ ಮುಟ್ಟುವಷ್ಟರಲ್ಲಿ ವ್ಯಾನ್ ಮುಧೋಳಕ್ಕೆ ಹೋಗಿತ್ತು. ಫೋನ್ ಮಾಡಿದರೆ, “ಸಂಜೀಗಿ ನೋಡ್ತೀನಿ,” ಎಂದರು ಡಾಕ್ಟರ್. ಎಮ್ಮೆ ಬಂಡಿಯಲ್ಲೇ ಸತ್ತಿತು, ಹೊಟ್ಟೆಯೊಳಗಿನ ಕರುವೂ ಸತ್ತಿತು.

ಮರುದಿನ ಕಟ್ಟೆಯ ಮೇಲೆ ಒಂದೇ ಮಾತು. ವ್ಯಾನ್ ಯಾಕೆ ನಿಲ್ಲಲಿಲ್ಲ, ದವಾಖಾನೆಗೆ ಯಾಕೆ ಬೀಗ ಎಂದು ಒಬ್ಬರೂ ಕೇಳಲಿಲ್ಲ. “ಸೋಮವಾರ ಹೂಡಿದ್ರ ಮತ್ತೇನಾಗ್ತದ?” ಎಂದರು. ಬೀಗಕ್ಕೆ ಬೈದರೆ ಏನು ಬಂತು? ಹೆಂಗಸಿಗೆ ಬೈಯುವುದು ಸುಲಭ.

ಚಂದಮ್ಮ ಅದನ್ನೂ ತಾಳಿಕೊಂಡಳು. ಆದರೆ ಸಂಜೆ ಗಂಡ ತೆಂಗಿನಕಾಯಿ ಹಿಡಿದು, “ನೀನೂ ಗುಡಿಗಿ ಬಾ, ತಪ್ಪಾತು ಅನ್ನು,” ಎಂದಾಗ ಅವಳ ಎದೆ ಒಡೆಯಿತು. ಯಾರ ತಪ್ಪು ಎಂದು ಕೇಳಬೇಕೆನಿಸಿತು.

ಹೋದಳು. ಎಲ್ಲರೆದುರು ತಪ್ಪಾಯಿತೆಂದಳು.