ಅಕ್ಕಿಯಲ್ಲಿ ಬರೆದ ಹೆಸರು

ಅವರ್ಸಾದಿಂದ ಹೊರಟ ಯಾತ್ರೆಯ ಬಸ್ಸನ್ನು ಎಲ್ಲರೂ ತಿರುಪತಿಗೆಂದು ಹತ್ತಿದ್ದರು. ಗೋದಾವರಿ ಮಾತ್ರ ದಾರಿಯಲ್ಲಿ ಸಿಗುವ ಕೆಜಿಎಫ್‌ಗಾಗಿ ಹತ್ತಿದ್ದಳು. ಗಂಡ ಗಜಾನನ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಗಣಿ ಮುಚ್ಚಿದ ವರ್ಷವೇ ಅವನ ಕಾಗದ ನಿಂತಿತು. ಅದಾಗಿ ಏಳು ವರ್ಷ. ಈ ಸಲವೂ ಸುದ್ದಿ ಸಿಗದಿದ್ದರೆ ದರ್ಭೆಯ ಬೊಂಬೆ ಸುಟ್ಟು ಅವನ ಕ್ರಿಯೆ ಮುಗಿಸುವುದೆಂದು ಅತ್ತೆ ದಿನ ಗೊತ್ತುಮಾಡಿದ್ದಳು. ಆಮೇಲೆ ಕೊರಳಲ್ಲಿ ಕರಿಮಣಿ ಇರುವಂತಿಲ್ಲ.

ಬಸ್ಸಿನ ಉಸ್ತುವಾರಿ ನಾಗನದು. ಪ್ರತಿ ಊರಲ್ಲೂ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ. ಎಲ್ಲರೂ ಓಗೊಟ್ಟ ಮೇಲೆಯೇ ಬಸ್ಸು ಹೊರಡುವುದು.

“ಇದು ಸೈನೈಡ್ ಗುಡ್ಡ. ಚಿನ್ನ ತೆಗ್ದು ಉಳ್ದ ಮಣ್ಣು. ಫೋಟೋ ತೆಗ್ಸ್ಕೊಳ್ಳೋರು ಬೇಗ ತೆಗ್ಸ್ಕೊಳ್ಳಿ,” ಎಂದ ಕೆಜಿಎಫ್‌ನಲ್ಲಿ ಬಸ್ಸು ನಿಲ್ಲಿಸಿ.

“ಚಿನ್ನ ಬಿಟ್ಟು ಮಣ್ಣು ನೋಡೂಕೆ ಇಷ್ಟು ದೂರ ಬಂದ್ವಾ ಮಾರಾಯ?” ಎಂದಳು ಮುದುಕಿ ದುರ್ಗಿ.

ಎಲ್ಲರೂ ನಗುತ್ತಿದ್ದಾಗ ಗೋದಾವರಿ ಗಣಿಯ ಗೇಟಿಗೆ ಓಡಿದಳು. ಕಾವಲುಗಾರ ಗಜಾನನನ ಫೋಟೋ ನೋಡಿ ಹಿಂದಕ್ಕೆ ಕೊಟ್ಟ. “ಸಾವಿರಾರು ಜನ ಇದ್ರಮ್ಮ. ಯಾರನ್ನಂತ ನೆನಪಿಡ್ಲಿ?”

ಉಳಿದದ್ದು ಹತ್ತಿರದ ಕೋಟಿಲಿಂಗ ಕ್ಷೇತ್ರ, ಅದೂ ಅರ್ಧ ಗಂಟೆ. ಅಲ್ಲಿ ಹರಕೆ ತೀರಿದವರು ಲಿಂಗ ಇಡಿಸಿ ಬುಡದಲ್ಲಿ ಹೆಸರು ಬರೆಸುತ್ತಾರೆ. ಗಜಾನನ ಹಲ್ಲುನೋವಿಗೂ ಹರಕೆ ಹೊರುವ ಮನುಷ್ಯ. ಬದುಕಿದ್ದರೆ ಅವನ ಹೆಸರು ಇಲ್ಲಿ ಇರಲೇಬೇಕು. ಕಾದ ನೆಲದ ಮೇಲೆ ಬರಿಗಾಲಲ್ಲಿ ಅವಳು ಸಾಲು ಸಾಲಾಗಿ ಬಗ್ಗಿ ಓದಿದಳು. ಜೊತೆಗೆ ಬಂದಿದ್ದ ನಾದಿನಿ ಹರಿಣಿ ಇನ್ನೊಂದು ಕಡೆಯಿಂದ ಓದುತ್ತ ಬಂದಳು.

“ವೈನಿ, ಇಲ್ಲಿ ಬಾ. ಅಣ್ಣ ಇದ್ದಾನೆ.”

ಮೊಣಕಾಲೆತ್ತರದ ಲಿಂಗ. ಗಜಾನನ, ಗೋದಾವರಿ. ಅವರ್ಸಾ. ೨೦೦೭.

“ನಿನ್ನ ಹೆಸ್ರೂ ಹಾಕ್ಸಿದ್ದಾನೆ ನೋಡು. ಮರ್ತಿಲ್ಲ ಅಂವ.” ಹರಿಣಿ ಅಳುತ್ತಿದ್ದಳು.

ಗೋದಾವರಿ ಬಾಡಿದ ಹೂ ಸರಿಸಿದಳು. ಕೆಳಗೆ ಇನ್ನೊಂದು ಸಾಲಿತ್ತು. ಮಗಳು ಪ್ರೇಕ್ಷಾ.

ಅವಳಿಗೆ ಮಕ್ಕಳಿರಲಿಲ್ಲ.

“ಶಿವರಾತ್ರಿಗೆ ಬರ್ತಾರಮ್ಮ,” ಕಸ ಗುಡಿಸುತ್ತಿದ್ದ ಹೆಂಗಸು ಹೇಳಿದಳು. “ಗಂಡ, ಹೆಂಡ್ತಿ, ಮಗು. ಹೆಂಡ್ತೀನ ಗೋದಾವರಿ ಅಂತಾನೇ ಕೂಗ್ತಾನೆ ಆಯಪ್ಪ.”

ಮದುವೆಯ ದಿನದವರೆಗೆ ಅವಳು ಗಂಗೂ ಆಗಿದ್ದಳು. ಹೆಂಡತಿಗೆ ಹೊಸ ಹೆಸರಿಡುವ ಶಾಸ್ತ್ರಕ್ಕೆ ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಗಜಾನನ ಚಿನ್ನದ ಉಂಗುರದಿಂದ ‘ಗೋದಾವರಿ’ ಎಂದು ಬರೆದಿದ್ದ. ಉಂಗುರ ಜಾರಿ ಕೊನೆಯ ಅಕ್ಷರ ಸೊಟ್ಟಗಾಗಿತ್ತು. ಅಂದಿನಿಂದ ತವರಿನವರೂ ಗಂಗೂ ಎನ್ನಲಿಲ್ಲ. ಇಲ್ಲಿ ಇನ್ನೊಂದು ಹರಿವಾಣದ ಮುಂದೆ ಕೂತಾಗ ಅವನಿಗೆ ಹೊಸ ಹೆಸರು ಹುಡುಕುವಷ್ಟೂ ಪುರಸೊತ್ತಿರಲಿಲ್ಲವೇ?

“ಹೋಗ್ಲಿ ವೈನಿ, ಕರಿಮಣಿ ಉಳೀತಲ್ಲ,” ಎಂದ ಹರಿಣಿ ತಕ್ಷಣ ತನ್ನ ಬಾಯಿ ಮುಚ್ಚಿಕೊಂಡಳು.

ಬಸ್ಸಿನಲ್ಲಿ ನಾಗ ಪಟ್ಟಿ ತೆಗೆದ. “ದುರ್ಗಿ. ಹರಿಣಿ. ಗೋದಾವರಿ ಗಜಾನನ.”

ಯಾರೂ ಓಗೊಡಲಿಲ್ಲ.

“ಗೋದಾವರಿ ಗಜಾನನ?”

“ಇದ್ದಾರೆ, ಇಲ್ಲೇ ಇದ್ದಾರೆ,” ಎಂದಳು ಹರಿಣಿ.

“ಅವ್ರೇ ಹೇಳ್ಬೇಕು. ಇಲ್ಲಾಂದ್ರೆ ಬಸ್ ಹೊರಡೂದಿಲ್ಲ.”

ಎಲ್ಲರೂ ತಿರುಗಿ ನೋಡಿದರು. ಅವಳು ಬಾಯಿ ತೆರೆದಳು. ಗಂಗೂ ಎನ್ನಬೇಕೆಂದಿದ್ದಳು. ಆದರೆ ಹಾಗೆ ಕರೆದರೆ ಓಗೊಡುವವರು ಅವಳೊಳಗೆ ಯಾರೂ ಇರಲಿಲ್ಲ.